ಮ್ಯಾಥ್ಯೂ ಪ್ಯಾಶನ್ ನೇರ ಪ್ರಸಾರವನ್ನು ಕೊನೆವರೆಗೂ ಕೇಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಈಸ್ಟರ್ ವಾರ ಮುಗಿಯುತ್ತಿದ್ದಂತೆ, ಮ್ಯಾಥ್ಯೂ ಪ್ಯಾಶನ್ ನೇರ ಪ್ರಸಾರ ಕೇಳಲು ಕೂತ ಓದುಗರಿಂದ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ. "ಟೈಮ್ ಲೆಕ್ಕ ತಪ್ಪಿತು, ಹಾಕೋ ಹೊತ್ತಿಗೆ ಅರ್ಧ ಆಗಿಹೋಗಿತ್ತು." "ನಡುವೆ ಯಾರೋ ಜರ್ಮನ್‌ನಲ್ಲಿ ಮಾತಾಡೋಕೆ ಶುರು ಮಾಡಿದ್ರು, ಮುಗೀತು ಅಂತ ಆಫ್ ಮಾಡಿದೆ." "ಚೆನ್ನಾಗೇನೋ ಇತ್ತು, ಆದರೆ ಇಪ್ಪತ್ತು ನಿಮಿಷಕ್ಕೆ ನಿದ್ದೆ ಬಂತು."

ಇವರಲ್ಲಿ ಸಂಗೀತ ಗೊತ್ತಿರುವವರೂ ಇದ್ದಾರೆ. ತಯಾರಿ ಮಾತ್ರ ಆಗಿರಲಿಲ್ಲ. ಜರ್ಮನ್ ಸಂಗೀತಕಾರ ಬಾಖ್‌ನ ಸೇಂಟ್ ಮ್ಯಾಥ್ಯೂ ಪ್ಯಾಶನ್ ಎಂದರೆ ಯೇಸುವಿನ ಬಂಧನ ಮತ್ತು ಸಾವಿನ ಕಥೆ, ಎರಡೂವರೆಯಿಂದ ಮೂರು ಗಂಟೆ ನಡೆಯುತ್ತದೆ. ಹಾಡುವುದು ಜರ್ಮನ್‌ನಲ್ಲಿ. ಕಥೆ ಕೈಯಲ್ಲಿಲ್ಲದೆ ಕೂತರೆ ಯಾರಿಗಾದರೂ ನಿದ್ದೆ ಬರುತ್ತದೆ. ನೇರ ಪ್ರಸಾರವಂತೂ ನಮಗಾಗಿ ಕಾಯುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಸಮಯ ಇಲ್ಲದಿದ್ದರೆ ಬೇರೆ ಏನನ್ನಾದರೂ ಬಿಡಿ, ನಾಲ್ಕನೇ ಹಂತ ಬಿಡಬೇಡಿ.

## ಮೊದಲು ಜೋಡಿಸಿಟ್ಟುಕೊಳ್ಳಬೇಕಾದ್ದು

ವೈರ್ ಇರುವ ಹೆಡ್‌ಫೋನ್ ಅಥವಾ ಎಡ ಬಲ ಎರಡು ಸ್ಪೀಕರ್. ಲ್ಯಾಪ್‌ಟಾಪ್ ಅಥವಾ ಫೋನ್, ಜೊತೆಗೆ ಚಾರ್ಜರ್. ಕನ್ನಡ ಬೈಬಲ್. ಹಾಡಿನ ಸಾಹಿತ್ಯದ ಪ್ರಿಂಟ್. ಪೆನ್ಸಿಲ್. ಸುಮಾರು 500 ಎಂಬಿ ಡೇಟಾ. ಇಷ್ಟೇ. ಸ್ವರಲಿಪಿ ಬೇಡ. ಪಾಶ್ಚಾತ್ಯ ಸ್ವರಲಿಪಿ ಓದಲು ಬರುವವರಿಗೂ ಮೊದಲ ಸಲ ಬೇಡ ಎಂದೇ ಹೇಳುತ್ತೇನೆ. ಪುಟ ತಿರುಗಿಸುವುದರಲ್ಲೇ ಗಮನ ಹೋಗಿಬಿಡುತ್ತದೆ.

## ಹಂತ 1: ಪ್ರಸಾರ ಹುಡುಕಿ (ಮೂರು ನಾಲ್ಕು ವಾರ ಮುಂಚೆ)

ಈ ಕೃತಿ ಯುರೋಪಿನಲ್ಲಿ ಜಾಸ್ತಿ ಕೇಳಿಬರುವುದು ಗರಿಗಳ ಭಾನುವಾರದಿಂದ (ಈಸ್ಟರ್‌ನ ಹಿಂದಿನ ಭಾನುವಾರ) ಗುಡ್ ಫ್ರೈಡೇವರೆಗಿನ ವಾರದಲ್ಲಿ. ಆಮ್ಸ್ಟರ್‌ಡಾಮ್‌ನ ಕಾನ್ಸರ್ಟ್‌ಖೆಬೌ ಸಭಾಂಗಣದಲ್ಲಿ ಗರಿಗಳ ಭಾನುವಾರಕ್ಕೆ ಇದನ್ನು ಹಾಡುವ ಪದ್ಧತಿ 1899ರಿಂದ ಇದೆ. ನಾರ್ಡನ್ ಊರಿನ ದೊಡ್ಡ ಚರ್ಚ್‌ನಲ್ಲಿ ನೆದರ್ಲೆಂಡ್ಸ್ ಬಾಖ್ ಸೊಸೈಟಿ ಹಾಡುತ್ತದೆ. ಲೈಪ್‌ಜಿಗ್‌ನ ಸೇಂಟ್ ಥಾಮಸ್ ಚರ್ಚ್ ಅಂತೂ ಬಾಖ್ ಕೆಲಸ ಮಾಡಿದ ಜಾಗವೇ.

ಎನ್‌ಪಿಒ ಕ್ಲಾಸಿಕ್, ಎಂಡಿಆರ್ ಕ್ಲಾಸಿಕ್, ಬಿಬಿಸಿ ರೇಡಿಯೋ 3, ಫ್ರಾನ್ಸ್ ಮ್ಯೂಸಿಕ್, ಈ ನಾಲ್ಕು ರೇಡಿಯೋಗಳ ಕಾರ್ಯಕ್ರಮ ಪಟ್ಟಿ ನೋಡುತ್ತಿರಿ. ವಿಡಿಯೋ ಬೇಕಿದ್ದರೆ ಆರ್ಟೆ ಕಾನ್ಸರ್ಟ್ ಕೂಡ ನೋಡಿ. ಯುರೋಪಿನ ರೇಡಿಯೋಗಳು ತಮ್ಮ ಸಂಗೀತ ಕಚೇರಿಗಳನ್ನು ಪರಸ್ಪರ ಹಂಚಿಕೊಳ್ಳುತ್ತವೆ. ಹಾಗಾಗಿ ಒಂದು ದೇಶದ ಸ್ಟ್ರೀಮ್ ಭಾರತದಲ್ಲಿ ತೆರೆಯದಿದ್ದರೆ, ಅದೇ ಕಚೇರಿ ಇನ್ನೊಂದು ಸ್ಟೇಷನ್‌ನಲ್ಲಿ ಸಿಗುವ ಸಾಧ್ಯತೆ ಇದೆ.

ಹುಡುಕುವಾಗ ಹೆಸರಿನ ಬದಲು ಬಿಡಬ್ಲ್ಯುವಿ 244 (BWV 244, ಬಾಖ್ ಕೃತಿಗಳ ಪಟ್ಟಿಯಲ್ಲಿ ಇದರ ಸಂಖ್ಯೆ) ಎಂದು ಹಾಕಿ. ಡಚ್, ಜರ್ಮನ್, ಫ್ರೆಂಚ್ ಪುಟಗಳಲ್ಲಿ ಕೃತಿಯ ಹೆಸರು ಬೇರೆ ಬೇರೆ ಥರ ಇರುತ್ತದೆ, ಈ ಸಂಖ್ಯೆ ಮಾತ್ರ ಎಲ್ಲ ಕಡೆ ಒಂದೇ. 245 ಎಂದಿದ್ದರೆ ಅದು ಜಾನ್ ಪ್ಯಾಶನ್, ಬೇರೆ ಕೃತಿ. ಅದು ಎರಡು ಗಂಟೆಯೊಳಗೆ ಮುಗಿಯುತ್ತದೆ. ಮೂರು ಗಂಟೆ ಕೂರುವುದು ಖಂಡಿತ ಆಗದು ಎನ್ನುವವರು ಅದರಿಂದಲೇ ಶುರು ಮಾಡಬಹುದು. ತಯಾರಿಯ ಕ್ರಮ ಅದಕ್ಕೂ ಇದೇ. ಮತ್ತಾಯನ (ಮ್ಯಾಥ್ಯೂ) ಬದಲು ಯೋಹಾನನ (ಜಾನ್) ಸುವಾರ್ತೆಯ 18 ಮತ್ತು 19ನೇ ಅಧ್ಯಾಯ ಓದಬೇಕು, ಅಷ್ಟೇ.

ಪುಟವನ್ನು ಬ್ರೌಸರ್‌ನಲ್ಲೇ ಅನುವಾದ ಮಾಡಿಸಿ, "ನೇರ" ಎಂದಿದೆಯೋ "ಧ್ವನಿಮುದ್ರಣ" ಎಂದಿದೆಯೋ ನೋಡಿಕೊಳ್ಳಿ. ಮಧ್ಯಾಹ್ನ ನಡೆದ ಕಚೇರಿಯನ್ನು ರಾತ್ರಿ ಹಾಕುವುದೂ ಉಂಟು. ಕೇಳುವುದಕ್ಕೆ ಅದರಿಂದ ತೊಂದರೆ ಇಲ್ಲ. ಆದರೆ ಚರ್ಚ್‌ನ ವೆಬ್‌ಸೈಟ್‌ನಲ್ಲಿರುವ ಸಮಯ ನಂಬಿ ಕೂತರೆ ರೇಡಿಯೋದಲ್ಲಿ ಬೇರೆ ಏನೋ ಬರುತ್ತಿರುತ್ತದೆ. ನಿಮಗೆ ಬೇಕಾದ್ದು ರೇಡಿಯೋದ ಸಮಯ.

## ಹಂತ 2: ಸಮಯ ಲೆಕ್ಕ ಹಾಕಿ, ಇನ್ನೊಮ್ಮೆ ಹಾಕಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಯುರೋಪಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅಕ್ಟೋಬರ್‌ನ ಕೊನೆಯ ಭಾನುವಾರ ಹಿಂದಕ್ಕೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಹಾಗಾಗಿ ಲೈಪ್‌ಜಿಗ್ ಅಥವಾ ಆಮ್ಸ್ಟರ್‌ಡಾಮ್‌ಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. ಲಂಡನ್ ಆದರೆ ನಾಲ್ಕೂವರೆ ಮತ್ತು ಐದೂವರೆ.

ತಲೆನೋವು ಏನೆಂದರೆ, ಈಸ್ಟರ್ ಪ್ರತಿ ವರ್ಷ ಸರಿಯುತ್ತದೆ. ಕೆಲವು ವರ್ಷ ಗಡಿಯಾರ ತಿರುಗಿಸುವ ಮುಂಚೆ ಗುಡ್ ಫ್ರೈಡೇ ಬರುತ್ತದೆ, ಕೆಲವು ವರ್ಷ ಆಮೇಲೆ. 2026ರಲ್ಲಿ ಅದು ಏಪ್ರಿಲ್ 3. ಅಷ್ಟು ಹೊತ್ತಿಗೆ ಗಡಿಯಾರ ಮುಂದೆ ಹೋಗಿತ್ತು. ಲೈಪ್‌ಜಿಗ್‌ನಲ್ಲಿ ಸಂಜೆ 6 ಎಂದರೆ ಬೆಂಗಳೂರಿನಲ್ಲಿ ರಾತ್ರಿ 9:30. 2027ರಲ್ಲಿ ಗುಡ್ ಫ್ರೈಡೇ ಮಾರ್ಚ್ 26. ಗಡಿಯಾರ ತಿರುಗಿಸುವುದು ಮಾರ್ಚ್ 28ಕ್ಕೆ, ಅಂದರೆ ಈಸ್ಟರ್ ದಿನವೇ. ಅದೇ ಸಂಜೆ 6 ಆಗ ನಮಗೆ 10:30. ಹೋದ ಸಲದ ಲೆಕ್ಕವನ್ನೇ ಈ ಸಲಕ್ಕೂ ಹಾಕಿದರೆ ತಪ್ಪುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇನ್ನೂ ಒಂದು ಗೊಂದಲ. ಅಲ್ಲಿ ಗಡಿಯಾರ ಮಾರ್ಚ್‌ನ ಎರಡನೇ ಭಾನುವಾರವೇ ಮುಂದೆ ಹೋಗುತ್ತದೆ. ಬೇ ಏರಿಯಾಗೂ ಲೈಪ್‌ಜಿಗ್‌ಗೂ ಸಾಮಾನ್ಯವಾಗಿ ಒಂಬತ್ತು ಗಂಟೆ ವ್ಯತ್ಯಾಸ, 2027ರ ಆ ವಾರದಲ್ಲಿ ಎಂಟೇ.

ಇನ್ನೊಂದು ತಪ್ಪು: ಕೆಲವು ಪುಟಗಳು ಸಮಯವನ್ನು ತಾವೇ ಭಾರತದ ಸಮಯಕ್ಕೆ ಬದಲಾಯಿಸಿ ತೋರಿಸುತ್ತವೆ. ಯೂಟ್ಯೂಬ್ ಹಾಗೆ ಮಾಡುತ್ತದೆ. ಅದರ ಮೇಲೆ ನೀವು ಮತ್ತೆ ಮೂರೂವರೆ ಗಂಟೆ ಕೂಡಿಸಿದರೆ ಕೆಟ್ಟಿತು. ಸಮಯದ ಪಕ್ಕ ಯಾವ ಊರಿನದು ಎಂದು ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ಅದೇ ಸ್ಟೇಷನ್‌ನಲ್ಲಿ ಈಗ ನಡೆಯುತ್ತಿರುವ ಕಾರ್ಯಕ್ರಮದ ಸಮಯವನ್ನು ನಿಮ್ಮ ಗಡಿಯಾರದ ಜೊತೆ ಹೋಲಿಸಿ. ಅರ್ಧ ನಿಮಿಷದ ಕೆಲಸ.

## ಹಂತ 3: ಕಿವಿಗೆ ಏನು ಹಾಕಿಕೊಳ್ಳಬೇಕು

ಇದರಲ್ಲಿ ಎರಡು ಗಾಯಕವೃಂದ, ಎರಡು ವಾದ್ಯವೃಂದ. ಒಂದು ಗುಂಪು ಎಡಕ್ಕೆ, ಇನ್ನೊಂದು ಬಲಕ್ಕೆ. ಮೊದಲ ಹಾಡಿನಲ್ಲೇ ಒಂದು ಕಡೆಯವರು "ನೋಡಿ!" ಎನ್ನುತ್ತಾರೆ, ಇನ್ನೊಂದು ಕಡೆಯವರು "ಯಾರನ್ನು?" ಎಂದು ಕೇಳುತ್ತಾರೆ. ಒಂದೇ ಬ್ಲೂಟೂತ್ ಸ್ಪೀಕರ್‌ನಲ್ಲಿ ಕೇಳಿದರೆ ಈ ಪ್ರಶ್ನೆ ಉತ್ತರ ಎರಡೂ ಕಲಸಿಹೋಗುತ್ತವೆ. ಫೋನಿನ ಸ್ವಂತ ಸ್ಪೀಕರ್ ಇನ್ನೂ ಕಷ್ಟ, ಏಕೆಂದರೆ ಕೆಳಗಿನ ಮಂದ್ರ ನಾದ ಅದರಲ್ಲಿ ಬರುವುದೇ ಇಲ್ಲ. ಬಾಖ್‌ನ ಕಾಲದ ಬರೋಕ್ ಸಂಗೀತದಲ್ಲಿ ಚೆಲೋ, ವಯೋಲೋನ್ (ಎರಡೂ ಮಂದ್ರದ ದೊಡ್ಡ ತಂತಿವಾದ್ಯಗಳು), ಆರ್ಗನ್ ಸೇರಿ ನುಡಿಸುವ ಆ ಕೆಳಗಿನ ಸಾಲೇ ಮೇಲಿನದ್ದನ್ನೆಲ್ಲ ಹೊತ್ತಿರುತ್ತದೆ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೋನೋ ಆಡಿಯೋ ಆನ್ ಆಗಿದೆಯೇ ನೋಡಿ, ಆಗಿದ್ದರೆ ಆಫ್ ಮಾಡಿ. ಬಾಸ್ ಬೂಸ್ಟ್, ಈಕ್ವಲೈಜರ್, ಸರೌಂಡ್ ಎಲ್ಲ ಆಫ್. ಸ್ಟ್ರೀಮ್‌ನಲ್ಲಿ ಗುಣಮಟ್ಟ ಆರಿಸುವ ಅವಕಾಶ ಇದ್ದರೆ ಮೇಲಿನದನ್ನು ಆರಿಸಿ. 320 ಕೆಬಿಪಿಎಸ್ ಆದರೂ ಗಂಟೆಗೆ 144 ಎಂಬಿ ಅಷ್ಟೇ. ವಿಡಿಯೋ ಇದರ ಎಷ್ಟೋ ಪಟ್ಟು ತಿನ್ನುತ್ತದೆ.

ವಿಡಿಯೋ ಬೇಕಾ ಎಂದು ಕೇಳುವವರಿಗೆ ನನ್ನ ಉತ್ತರ: ಮೊದಲ ಸಲ ಬೇಡ. ಕ್ಯಾಮೆರಾ ಒಮ್ಮೆ ಕೊಳಲಿನವರನ್ನು, ಒಮ್ಮೆ ಚಾವಣಿಯ ಚಿತ್ರಗಳನ್ನು ತೋರಿಸುತ್ತಾ ಇರುತ್ತದೆ. ಕಣ್ಣು ಅಲ್ಲಿಗೆ ಹೋದರೆ ಸಾಹಿತ್ಯದ ಹಾಳೆ ಕೈಬಿಟ್ಟುಹೋಗುತ್ತದೆ.

## ಹಂತ 4: ಕಥೆಯನ್ನು ಕನ್ನಡದಲ್ಲಿ ಓದಿ (ಒಂದು ವಾರ ಮುಂಚೆ)

ಇಲ್ಲಿ ಕನ್ನಡದವರಿಗೆ ಒಂದು ದೊಡ್ಡ ಅನುಕೂಲ ಇದೆ, ಯಾರೂ ಬಳಸಿಕೊಳ್ಳುವುದಿಲ್ಲ. ಈ ಕೃತಿಯಲ್ಲಿ ಕಥೆ ಹೇಳುವ ಮಾತುಗಳೆಲ್ಲ ಮತ್ತಾಯನ ಸುವಾರ್ತೆಯ 26 ಮತ್ತು 27ನೇ ಅಧ್ಯಾಯಗಳು. ಮೊದಲಿಂದ ಕೊನೆವರೆಗೆ, ಸಾಲುಸಾಲಾಗಿ. ಕನ್ನಡ ಬೈಬಲ್‌ನಲ್ಲಿ ಆ ಎರಡು ಅಧ್ಯಾಯ ತೆಗೆದರೆ ನಿಮ್ಮ ಅನುವಾದ ಸಿದ್ಧ. ಒಟ್ಟು 141 ವಚನಗಳು, ಅರ್ಧ ಗಂಟೆಯಲ್ಲಿ ಓದಿ ಮುಗಿಸಬಹುದು. ಮೊದಲ ಭಾಗ 26ನೇ ಅಧ್ಯಾಯದ 56ನೇ ವಚನಕ್ಕೆ, ಅಂದರೆ ಯೇಸುವಿನ ಬಂಧನವಾಗಿ ಶಿಷ್ಯರು ಓಡಿಹೋಗುವಲ್ಲಿಗೆ ನಿಲ್ಲುತ್ತದೆ. ಎರಡನೇ ಭಾಗ ಅಲ್ಲಿಂದ ಸಮಾಧಿಗೆ ಮುದ್ರೆ ಹಾಕುವವರೆಗೆ.

ಓದಿದ ಮೇಲೆ ಪೂರ್ತಿ ಸಾಹಿತ್ಯವನ್ನು, ಜರ್ಮನ್ ಮತ್ತು ಇಂಗ್ಲಿಷ್ ಅಕ್ಕಪಕ್ಕ ಇರುವಂಥದ್ದನ್ನು, ಇಳಿಸಿಕೊಂಡು ಪ್ರಿಂಟ್ ತೆಗೆಯಿರಿ. ಫೋನ್‌ನಲ್ಲೇ ನೋಡುತ್ತೇನೆ ಎಂದರೆ ಮಧ್ಯೆ ವಾಟ್ಸಾಪ್ ಬರುತ್ತದೆ, ಅಲ್ವಾ?

ಈಗ ಪೆನ್ಸಿಲ್ ಹಿಡಿದು ಮೂರು ಬಗೆಯ ಗುರುತು ಹಾಕಿ.

ಕಥೆ. ಸುವಾರ್ತೆಯ ಮಾತುಗಳು. ಇವನ್ನು ಹೇಳುವವನು ಇವಾಂಜೆಲಿಸ್ಟ್, ಟೆನರ್ ದನಿ (ಗಂಡಸರ ಮೇಲಿನ ದನಿ). ಹಿಂದೆ ಆರ್ಗನ್, ಚೆಲೋ ಮಾತ್ರ. ಯೇಸು ಬಾಸ್ ದನಿ (ಗಂಡಸರ ಕೆಳಗಿನ ದನಿ). ಅವನು ಬಾಯಿ ತೆರೆದಾಗೆಲ್ಲ ಪಿಟೀಲುಗಳ ನಾದ ಸುತ್ತ ಆವರಿಸುತ್ತದೆ. ಪಕ್ಕದಲ್ಲಿ ಕನ್ನಡ ವಚನದ ಸಂಖ್ಯೆ ಬರೆದುಕೊಳ್ಳಿ.

ಏರಿಯಾ. ಒಬ್ಬ ಗಾಯಕ ಅಥವಾ ಗಾಯಕಿ ಕಥೆಯನ್ನು ನಿಲ್ಲಿಸಿ ಹಾಡುವ ಹಾಡು. ಇದರ ಸಾಹಿತ್ಯ ಬೈಬಲ್‌ನದಲ್ಲ, ಪಿಕಾಂಡರ್ ಎಂಬ ಕವಿ ಬರೆದದ್ದು. ಸಾಲು ನಾಲ್ಕೋ ಆರೋ ಇರುತ್ತದೆ, ಹಾಡು ಐದಾರು ನಿಮಿಷ. ಅದೇ ಮಾತು ತಿರುಗಿ ತಿರುಗಿ ಬರುತ್ತದೆ. ಹಾಳೆಯಲ್ಲಿ ಮುಂದೆ ಓಡಬೇಡಿ.

ಕೊರಾಲ್. ಚರ್ಚ್‌ನಲ್ಲಿ ಜನ ಹಾಡುತ್ತಿದ್ದ ಭಕ್ತಿಗೀತೆ. ಒಂದು ನಿಮಿಷದ್ದು, ಎಲ್ಲರೂ ಒಟ್ಟಿಗೆ. ಕಳೆದುಹೋದವರಿಗೆ ದಾರಿ ಸಿಗುವುದು ಇಲ್ಲೇ.

ಸಂಖ್ಯೆಗಳ ವಿಷಯದಲ್ಲಿ ಜೋಕೆ. ಹೊಸ ಆವೃತ್ತಿಯಲ್ಲಿ 68 ಭಾಗಗಳು, ಹಳೆಯದರಲ್ಲಿ 78. ಪ್ರಸಾರದವರು 39 ಎನ್ನುವ ಏರಿಯಾ ಹಳೆಯ ಹಾಳೆಯಲ್ಲಿ 47 ಆಗಿರುತ್ತದೆ. ಕೊನೆಯ ಸಂಖ್ಯೆ ಎಷ್ಟಿದೆ ಎಂದು ನೋಡಿ 68ರದ್ದನ್ನೇ ಇಟ್ಟುಕೊಳ್ಳಿ. ಈ ಬರಹದಲ್ಲಿರುವುದೂ ಅದೇ.

## ಹಂತ 5: ನಾಲ್ಕು ತುಣುಕು ಮೊದಲೇ ಕೇಳಿಡಿ

ಪೂರ್ತಿ ಕೃತಿಯನ್ನು ಮೊದಲೇ ಕೇಳುವ ಅಗತ್ಯ ಇಲ್ಲ. ನೆದರ್ಲೆಂಡ್ಸ್ ಬಾಖ್ ಸೊಸೈಟಿಯವರ "ಆಲ್ ಆಫ್ ಬಾಖ್" ಯೋಜನೆಯಲ್ಲಿ ಇದರ ಪೂರ್ತಿ ವಿಡಿಯೋ ಯೂಟ್ಯೂಬ್‌ನಲ್ಲಿ ಉಚಿತವಾಗಿದೆ. ಅದರಲ್ಲಿ 1, 15, 39 ಮತ್ತು 68 ಕೇಳಿ. ದಿನಕ್ಕೊಂದು, ಎರಡೆರಡು ಸಲ.

15ನೇ ಕೊರಾಲ್ ಮುಖ್ಯ. ಹಾಸ್ಲರ್ ಎಂಬಾತನ ಈ ರಾಗವನ್ನು ಬಾಖ್ ಐದು ಸಲ ಬಳಸಿದ್ದಾನೆ: 15, 17, 44, 54, 62. ಪ್ರತಿ ಸಲವೂ ಶ್ರುತಿ ಬೇರೆ. ಕೆಳಗಿನ ದನಿಗಳ ಜೋಡಣೆ 15 ಮತ್ತು 17ರಲ್ಲಿ ಒಂದೇ, ಉಳಿದ ಕಡೆ ಬೇರೆ. ರಾಗ ಬಾಯಿಗೆ ಬಂದಿದ್ದರೆ ಐದೂ ಸಲ ಥಟ್ಟನೆ ಗುರುತು ಸಿಗುತ್ತದೆ.

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಒಂದು ಮಾತು. ನಮ್ಮ ಕಿವಿ ತಂಬೂರಿಯ ಷಡ್ಜವನ್ನು ಹುಡುಕುತ್ತದೆ. ಇಲ್ಲಿ ಆಧಾರ ಷಡ್ಜವೇ ಜಾಗ ಬದಲಿಸುತ್ತಾ ಹೋಗುತ್ತದೆ, ಕೆಲವೊಮ್ಮೆ ಒಂದೇ ಸಾಲಿನಲ್ಲಿ ಎರಡು ಸಲ. ಅದನ್ನು ಹಿಡಿಯಲು ಹೊರಟರೆ ಸುಸ್ತಾಗುತ್ತದೆ. ಅದರ ಬದಲು ಕೆಳಗಿನ ಚೆಲೋ ಸಾಲನ್ನು ಹಿಂಬಾಲಿಸಿ. ಅದು ಎಲ್ಲಿಗೆ ಹೋಗುತ್ತದೋ ಷಡ್ಜವೂ ಅಲ್ಲಿಗೆ. ಹಳೆಯ ಬಗೆಯ ವಾದ್ಯಗಳ ತಂಡವಾದರೆ ಎಲ್ಲವೂ ಇಂದಿನ ಪಿಯಾನೋಗಿಂತ ಅರ್ಧ ಸ್ವರ ಕೆಳಗಿರುತ್ತದೆ. ನಿಮ್ಮ ಶ್ರುತಿಪೆಟ್ಟಿಗೆ ಕೆಟ್ಟಿಲ್ಲ.

## ಹಂತ 6: ಪ್ರಸಾರಕ್ಕೆ ಅರ್ಧ ಗಂಟೆ ಮುಂಚೆ

ಸ್ಟ್ರೀಮ್ ಈಗಲೇ ತೆರೆಯಿರಿ. ಜಾಹೀರಾತು, ಕುಕಿ ಒಪ್ಪಿಗೆ, ಲಾಗಿನ್ ಎಲ್ಲ ಈಗಲೇ ಮುಗಿಯಲಿ. ಫೋನ್ ಆದರೆ ಡೂ ನಾಟ್ ಡಿಸ್ಟರ್ಬ್ ಹಾಕಿ, ಬ್ಯಾಟರಿ ಸೇವರ್ ತೆಗೆಯಿರಿ. ಇಲ್ಲದಿದ್ದರೆ ಪರದೆ ಆರಿದಾಗ ಆಪ್ ಕೂಡ ನಿಂತುಬಿಡುತ್ತದೆ. ವೈಫೈ ಕೈಕೊಟ್ಟರೆ ಎಂದು ಮೊಬೈಲ್ ಡೇಟಾ ತಯಾರಿಟ್ಟುಕೊಳ್ಳಿ. ಊಟ ಆಗಿರಲಿ, ಹೊಟ್ಟೆ ಬಿರಿಯುವಷ್ಟು ಬೇಡ. ಮಂಚದ ಮೇಲೆ ಮಲಗಿ ಕೇಳುತ್ತೇನೆ ಎನ್ನುವವರ ಕಥೆ ಗೊತ್ತೇ ಇದೆ. ಕುರ್ಚಿ ಹಾಕಿಕೊಳ್ಳಿ.

ವಾಲ್ಯೂಮ್ ಅನ್ನು ನಿರೂಪಕರ ಮಾತಿಗೆ ಹೊಂದಿಸಬೇಡಿ. ಮೊದಲ ಹಾಡು ತುಂಬಿಕೊಂಡಾಗ ಹಿತವಾಗಿ ಕೇಳುವಷ್ಟಕ್ಕೆ ಇಟ್ಟು, ಆಮೇಲೆ ಮುಟ್ಟಬೇಡಿ. ಇವಾಂಜೆಲಿಸ್ಟ್ ಮೆಲ್ಲಗೆ ಹಾಡುವಾಗ ಜಾಸ್ತಿ ಮಾಡಿದರೆ, ಮುಂದೆ ಗುಂಪು ಕೂಗಿದಾಗ ಕಿವಿಗೆ ಪೆಟ್ಟು ಬೀಳುತ್ತದೆ.

## ಹಂತ 7: ಮೊದಲ ಭಾಗ (ಸುಮಾರು 70 ನಿಮಿಷ)

ಮೊದಲ ಹಾಡಿನಲ್ಲಿ ಹಾಳೆ ನೋಡಬೇಡಿ. ಎಡ ಬಲ ಗಮನಿಸಿ. ಎರಡು ಗುಂಪುಗಳ ಮೇಲೆ ಮೂರನೆಯ ದನಿಯೊಂದು, ಬಹಳ ಕಡೆ ಮಕ್ಕಳದ್ದು, ಉದ್ದುದ್ದ ಸ್ವರಗಳಲ್ಲಿ ಬೇರೆಯೇ ಭಕ್ತಿಗೀತೆ ಹಾಡುತ್ತದೆ. ಅದು ಕೇಳಿಸಿದರೆ ನಿಮ್ಮ ಹೆಡ್‌ಫೋನ್ ಸರಿಯಾಗಿದೆ.

ಆಮೇಲೆ ಹಾಳೆಗೆ ಬನ್ನಿ. ಜರ್ಮನ್ ಬರದಿದ್ದರೂ ಹೆಸರುಗಳು ಕಿವಿಗೆ ಬೀಳುತ್ತವೆ: ಯೇಸುಸ್, ಯೂಡಾಸ್, ಪೇಟ್ರುಸ್, ಪಿಲಾಟುಸ್. ಹೆಸರು ಕೇಳಿದ ಕೂಡಲೇ ಬೆರಳನ್ನು ಆ ವಚನಕ್ಕೆ ಸರಿಸಿ.

ಕಡೆಯ ಊಟದಲ್ಲಿ ಯೇಸು "ನಿಮ್ಮಲ್ಲೊಬ್ಬನು ನನ್ನನ್ನು ಹಿಡಿದುಕೊಡುವನು" ಎಂದಾಗ ಶಿಷ್ಯರು "ಅದು ನಾನೋ?" ಎಂದು ಗಡಿಬಿಡಿಯಲ್ಲಿ ಕೇಳುತ್ತಾರೆ. "ಹೆರ್" (ಕರ್ತನೇ) ಎಂಬ ಕರೆ ಅಲ್ಲಿ ಹನ್ನೊಂದು ಸಲ ಬರುತ್ತದೆ. ಹನ್ನೆರಡು ಶಿಷ್ಯರಲ್ಲಿ, ಹಿಡಿದುಕೊಡಲಿರುವ ಯೂದ ಬಾಯಿ ಬಿಟ್ಟಿಲ್ಲ. ಅದರ ಬೆನ್ನಿಗೇ ಕೊರಾಲ್, "ನಾನೇ, ಶಿಕ್ಷೆ ನನಗಾಗಬೇಕು" ಎಂದು. ಪ್ರಶ್ನೆ ಕೇಳಿದ್ದು ಕಥೆಯೊಳಗಿನವರು, ಉತ್ತರ ಕೊಡುವುದು ಚರ್ಚ್‌ನಲ್ಲಿ ಕೂತವರು. ಹಾಳೆ ಇಲ್ಲದವರಿಗೆ ಇವು ಎರಡು ಪುಟ್ಟ ಹಾಡುಗಳಷ್ಟೇ.

27ರಲ್ಲಿ ಯೇಸುವಿನ ಬಂಧನ. ನಿಧಾನದ ಜೋಡಿಹಾಡು, ನಡುನಡುವೆ ಗುಂಪು "ಬಿಡಿ, ಕಟ್ಟಬೇಡಿ" ಎಂದು ಕೂಗುತ್ತದೆ. ಅದು ಮುಗಿದದ್ದೇ ಗುಡುಗು ಮಿಂಚಿನ ಹಾಡು. ಅದು ಜೋರಾಗಿ ಓಡುತ್ತಿರುವಾಗ ಇದ್ದಕ್ಕಿದ್ದಂತೆ ಎಲ್ಲವೂ ನಿಂತುಹೋಗುತ್ತದೆ. ಪೂರ್ತಿ ಮೌನ. ರಿಫ್ರೆಶ್ ಒತ್ತಬೇಡಿ. ನೆಟ್ ಹೋಗಿಲ್ಲ, ಬಾಖ್ ಬರೆದದ್ದೇ ಹಾಗೆ. ಒತ್ತಿದರೆ ಪುಟ ಮತ್ತೆ ತೆರೆಯುವಷ್ಟರಲ್ಲಿ ಹಾಡು ಮುಗಿದಿರುತ್ತದೆ.

## ಹಂತ 8: ವಿರಾಮ

ಮೊದಲ ಭಾಗ ಮುಗಿದ ಮೇಲೆ ನಿರೂಪಕರು ಮಾತಾಡುತ್ತಾರೆ. ಸಂದರ್ಶನ ಬರಬಹುದು, ಬೇರೆ ಸಂಗೀತವೂ ಬರಬಹುದು. ಹದಿನೈದು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ನಿಮಿಷ. ಆಫ್ ಮಾಡಬೇಡಿ. ಕಾರ್ಯಕ್ರಮ ಪಟ್ಟಿಯಲ್ಲಿ ಮುಗಿಯುವ ಸಮಯ ಇರುತ್ತದೆ, ಅದನ್ನು ಮೊದಲೇ ಹಾಳೆಯ ಮೇಲೆ ಬರೆದುಕೊಂಡಿದ್ದರೆ ಗೊಂದಲವೇ ಇಲ್ಲ. ಎದ್ದು ಓಡಾಡಿ, ಮಜ್ಜಿಗೆ ಕುಡಿಯಿರಿ.

ನಿದ್ದೆ ಎಳೆಯುತ್ತಿದ್ದರೆ ಇಲ್ಲಿಗೆ ನಿಲ್ಲಿಸಿ, ಎರಡನೇ ಭಾಗವನ್ನು ಬೆಳಿಗ್ಗೆ ಸ್ಟೇಷನ್‌ನ ಮರುಪ್ರಸಾರದಲ್ಲಿ ಕೇಳಿ. ಇದರಲ್ಲಿ ಅಪಚಾರವೇನೂ ಇಲ್ಲ. ಬಾಖ್‌ನ ಕಾಲದಲ್ಲೂ ಎರಡು ಭಾಗಗಳ ನಡುವೆ ಪ್ರವಚನ ಇರುತ್ತಿತ್ತು. ತೂಕಡಿಸುತ್ತಾ ಎರಡನೇ ಭಾಗ ಕೇಳುವುದು ಮಾತ್ರ ಬೇಡ, ಅದು ಇನ್ನೂ ಉದ್ದ ಮತ್ತು ಕೃತಿಯ ಜೀವವೇ ಅಲ್ಲಿದೆ. ಕೆಲವು ಸ್ಟೇಷನ್‌ಗಳು ಮರುಪ್ರಸಾರವನ್ನು ಬೇರೆ ದೇಶಗಳಿಗೆ ಕೊಡುವುದಿಲ್ಲ. ಕೊಡುತ್ತಾರೋ ಇಲ್ಲವೋ ಎಂದು ಹಿಂದಿನ ವಾರದ ಯಾವುದಾದರೂ ಕಚೇರಿ ಹಾಕಿ ನೋಡಿಟ್ಟುಕೊಂಡಿರಿ.

## ಹಂತ 9: ಎರಡನೇ ಭಾಗ (ಸುಮಾರು ಒಂದೂವರೆ ಗಂಟೆ)

ಶಿಷ್ಯ ಪೇತ್ರ ಮೂರು ಸಲ ಯೇಸುವನ್ನು ನಿರಾಕರಿಸುತ್ತಾನೆ, "ಆ ಮನುಷ್ಯನನ್ನು ನಾನರಿಯೆ" ಎನ್ನುತ್ತಾನೆ. ಕೋಳಿ ಕೂಗುತ್ತದೆ. ಅವನು ಹೊರಗೆ ಹೋಗಿ ಅತ್ತ ಎನ್ನುವಲ್ಲಿ ಇವಾಂಜೆಲಿಸ್ಟ್‌ನ ದನಿ ನಿರೂಪಣೆ ಬಿಟ್ಟು ತಾನೇ ಅಳತೊಡಗುತ್ತದೆ. ಕೂಡಲೇ 39, "ಎರ್ಬಾರ್ಮೆ ಡಿಖ್", ಕರುಣಿಸು ಎಂಬ ಹಾಡು. ಒಂಟಿ ಪಿಟೀಲು, ಆಲ್ಟೋ ದನಿ (ಸೊಪ್ರಾನೋಗಿಂತ ಕೆಳಗಿನದು). ಹಾಳೆ ಕೆಳಗಿಡಿ, ನಿಮಗೆ ಈ ಹಾಡು ಗೊತ್ತಿದೆ.

ಏರಿಯಾಗಳಲ್ಲಿ ಎರಡನೇ ತುಣುಕು ಮುಗಿದ ಮೇಲೆ ಮೊದಲಿನ ಸಂಗೀತ ತಿರುಗಿ ಬರುವುದುಂಟು. "ಸ್ಟ್ರೀಮ್ ಹಿಂದಕ್ಕೆ ಹೋಯ್ತಾ?" ಎಂದು ಕೇಳಿದವರಿದ್ದಾರೆ. ಇಲ್ಲ, ಆ ಹಾಡುಗಳ ರಚನೆಯೇ ಹಾಗೆ.

ಯಾರನ್ನು ಬಿಡಲಿ ಎಂದು ರೋಮನ್ ಅಧಿಪತಿ ಪಿಲಾತ ಕೇಳಿದಾಗ ಎರಡೂ ಗುಂಪು ಸೇರಿ "ಬರಬ್ಬಮ್!" (ಬರಬ್ಬ ಎಂಬ ಕೈದಿಯನ್ನು) ಎನ್ನುತ್ತವೆ. ಒಂದೇ ಕೂಗು, ಕೆಮ್ಮಿದರೆ ತಪ್ಪಿಹೋಗುತ್ತದೆ. ಬೆನ್ನಿಗೆ "ಶಿಲುಬೆಗೆ ಹಾಕಿ" ಎಂಬ ಅಬ್ಬರ. ಸ್ವಲ್ಪ ಹೊತ್ತಿನ ಮೇಲೆ ಅದೇ ಅಬ್ಬರ ಇನ್ನೂ ಮೇಲಿನ ಶ್ರುತಿಯಲ್ಲಿ ಬರುತ್ತದೆ. ಈ ಎರಡು ಕೂಗುಗಳ ನಡುವೆ 49: ಒಂದು ಕೊಳಲು, ಎರಡು ಓಬೋ (ಶಹನಾಯಿಯಂಥ ವಾದ್ಯ), ಒಂದು ಸೊಪ್ರಾನೋ ದನಿ (ಎಲ್ಲಕ್ಕಿಂತ ಮೇಲಿನದು). ಇಷ್ಟು ಹೊತ್ತು ಹಿಂಬಾಲಿಸಿದ ಚೆಲೋ ಇಲ್ಲಿ ಇಲ್ಲ. ಕಾಲ ಕೆಳಗಿನ ನೆಲ ತೆಗೆದ ಹಾಗೆ. ಬಾಸ್ ಹೋಯಿತು ಎಂದು ಹೆಡ್‌ಫೋನ್ ಅಲುಗಾಡಿಸಬೇಡಿ.

61ರಲ್ಲಿ ಯೇಸು "ಏಲಿ, ಏಲಿ" (ನನ್ನ ದೇವರೇ) ಎಂದು ಕೂಗುವಾಗ ಅವನ ಸುತ್ತ ಇರುತ್ತಿದ್ದ ಪಿಟೀಲುಗಳು ಇಲ್ಲ. ಇದೊಂದನ್ನು ಗಮನಿಸಲು ಮೊದಲಿಂದ ಪಿಟೀಲುಗಳನ್ನು ಕೇಳಿಸಿಕೊಂಡಿರಬೇಕು. ತಡವಾಗಿ ಸೇರಿಕೊಂಡವರಿಗೆ ಸಿಗದೇ ಹೋಗುವುದು ಇಂಥದ್ದೇ. ಸಾವಿನ ಬೆನ್ನಿಗೆ 62, ಆ ಕೊರಾಲ್ ರಾಗ ಐದನೇ ಸಲ.

## ನಡುವೆ ತೊಂದರೆ ಕಂಡರೆ

ಮೌನ ಬಂದರೆ ಮೊದಲು ಪರದೆಯ ಮೇಲಿನ ಸೆಕೆಂಡ್ ಎಣಿಕೆ ನೋಡಿ. ಅದು ಓಡುತ್ತಿದ್ದರೆ ಮೌನ ಚರ್ಚ್‌ನದು. ನಿಂತಿದ್ದರೆ ನೆಟ್ ತೊಂದರೆ. ಹಾಡುಗಳ ನಡುವೆ ಕೆಮ್ಮು, ಕುರ್ಚಿ ಸದ್ದು, ತಂತಿ ಶ್ರುತಿ ಮಾಡುವ ಸದ್ದು ಎಲ್ಲ ಸಹಜ. ದನಿ ನೀರಿನೊಳಗಿಂದ ಬಂದಂತೆ ಆದರೆ ಸ್ಟ್ರೀಮ್ ಗುಣಮಟ್ಟ ತಾನಾಗಿ ಇಳಿದಿದೆ ಎಂದರ್ಥ. ಕೊರಾಲ್ ಬರುವವರೆಗೆ ಕಾದು ಆಗ ವೈಫೈ ಬಿಟ್ಟು ಡೇಟಾಗೆ ಹೋಗಿ, ತಪ್ಪಿದರೂ ತಪ್ಪುವುದು ಒಂದು ನಿಮಿಷದ ಹಾಡಷ್ಟೇ. ಪಾಜ್ ಒತ್ತಿ ಫೋನ್ ಮಾತಾಡಿ ಬರುತ್ತೇನೆ ಎನ್ನಬೇಡಿ. ಬಹಳಷ್ಟು ರೇಡಿಯೋ ಸ್ಟ್ರೀಮ್‌ಗಳು ಬಿಟ್ಟ ಜಾಗದಿಂದ ಶುರುವಾಗುವುದಿಲ್ಲ.

ಹಾಳೆಯಲ್ಲಿ ಜಾಗ ತಪ್ಪಿದರೆ ಹಿಂದೆ ಮುಂದೆ ತಡಕಾಡಬೇಡಿ. ಮುಂದಿನ ಕೊರಾಲ್‌ಗೆ ಕಾಯಿರಿ.

## ಹಂತ 10: ಮುಗಿಯುವಾಗ

ಕೊನೆಯ ಹಾಡು 68. ಕಟ್ಟಕಡೆಯ ಸ್ವರಮೇಳದಲ್ಲಿ ಕೊಳಲುಗಳ ಒಂದು ಸ್ವರ ಹೊಂದದೆ ಉಜ್ಜುತ್ತದೆ, ಆಮೇಲೆ ಸರಿದು ಕೂರುತ್ತದೆ. ಯಾರೋ ತಪ್ಪು ನುಡಿಸಿದ್ದಲ್ಲ. ಗುಡ್ ಫ್ರೈಡೇ ದಿನ ಕೆಲವು ಚರ್ಚ್‌ಗಳಲ್ಲಿ ಚಪ್ಪಾಳೆ ಇರುವುದಿಲ್ಲ, ಮೌನದ ನಂತರ ನೇರ ನಿರೂಪಕರ ದನಿ ಬರಬಹುದು. ಯೂಟ್ಯೂಬ್ ಆದರೆ ಆಟೋಪ್ಲೇ ಮೊದಲೇ ಆಫ್ ಮಾಡಿರಿ, ಇಲ್ಲದಿದ್ದರೆ ಮರುಕ್ಷಣವೇ ಯಾವುದೋ ಜಾಹೀರಾತು ಅರಚುತ್ತದೆ.

ಹಾಳೆಯ ಮೇಲೆ ನಿಮಗೆ ಹಿಡಿಸಿದ ಸಂಖ್ಯೆಗಳಿಗೆ ಅವತ್ತೇ ಗುರುತು ಹಾಕಿ. ಹಾಡಿದವರ ಹೆಸರು, ತಂಡದ ಹೆಸರು ಬರೆದಿಡಿ, ಏಕೆಂದರೆ ಕೆಲವು ದಿನಗಳಲ್ಲಿ ಆ ಪುಟ ಮಾಯವಾಗಬಹುದು. ಇದೇ ಹಾಳೆ ಮುಂದಿನ ವರ್ಷ ಇನ್ನೊಂದು ತಂಡಕ್ಕೂ ನಡೆಯುತ್ತದೆ.

ಅಷ್ಟು ದಿನ ಕಾಯಲಾರದವರಿಗೆ ಡಿಸೆಂಬರ್‌ನಲ್ಲಿ ಬಾಖ್‌ನ ಕ್ರಿಸ್ಮಸ್ ಒರಾಟೋರಿಯೋ (ಇದೂ ಬೈಬಲ್ ಕಥೆಯನ್ನು ಹಾಡುವ ಕೃತಿ) ಇದೆ, ಬಿಡಬ್ಲ್ಯುವಿ 248. ಆರು ಭಾಗ, ಒಂದೊಂದೂ ಅರ್ಧ ಗಂಟೆ ಆಸುಪಾಸು. ಅನೇಕ ಕಚೇರಿಗಳಲ್ಲಿ ಮೊದಲ ಮೂರನ್ನಷ್ಟೇ ಹಾಡುತ್ತಾರೆ. ಕನ್ನಡದಲ್ಲಿ ಓದಿಕೊಳ್ಳಬೇಕಾದ್ದು ಲೂಕನ ಸುವಾರ್ತೆಯ 2ನೇ ಅಧ್ಯಾಯ, ಕೊನೆಯ ಎರಡು ಭಾಗಕ್ಕೆ ಮತ್ತಾಯನ 2ನೇ ಅಧ್ಯಾಯ. ಆಗ ವ್ಯತ್ಯಾಸ ನಾಲ್ಕೂವರೆ ಗಂಟೆ.